ಹೈಬ್ರಿಡೋಮಾದಿಂದ ಆ್ಯಂಟಿಬಾಡಿ ಜೀನ್: ಕಪ್ಪಾ ಚೈನ್‌ನಲ್ಲಿ ಮತ್ತೆ ಮತ್ತೆ ಅದೇ ಸ್ಟಾಪ್ ಕೋಡಾನ್

ಕಡಲತೀರ:
ಎಲ್ಲರಿಗೂ ನಮಸ್ಕಾರ. ನಾನು ಸಿಗಡಿಯ ಬಿಳಿ ಚುಕ್ಕೆ ರೋಗದ ವೈರಸ್ ಮೇಲೆ ಕೆಲಸ ಮಾಡುತ್ತೇನೆ. ಆ ವೈರಸ್‌ನ ಹೊರಪೊರೆಯಲ್ಲಿರುವ ವಿಪಿ28 ಪ್ರೋಟೀನ್‌ಗೆ ಅಂಟುವ ಒಂದು ಇಲಿಯ ಮಾನೋಕ್ಲೋನಲ್ ಆ್ಯಂಟಿಬಾಡಿ ನಮ್ಮಲ್ಲಿದೆ. ತುಂಬಾ ಒಳ್ಳೆಯ ಆ್ಯಂಟಿಬಾಡಿ. ಆದರೆ ಅದನ್ನು ತಯಾರಿಸುವ ಹೈಬ್ರಿಡೋಮಾ (ಇಲಿಯ ಬಿ ಕೋಶ ಮತ್ತು ಮೈಲೋಮಾ ಎಂಬ ಕ್ಯಾನ್ಸರ್ ಕೋಶ ಬೆಸೆದು ಮಾಡಿದ ಕೋಶ) ಹಳೆಯದು. ಲಿಕ್ವಿಡ್ ನೈಟ್ರೋಜನ್‌ನಿಂದ ತೆಗೆದ ವಯಲ್‌ಗಳಲ್ಲಿ ಎಲ್ಲವೂ ಬದುಕುತ್ತಿಲ್ಲ. ಬದುಕಿದ ಕೋಶಗಳು ನಿಧಾನವಾಗಿ ಬೆಳೆಯುತ್ತಿವೆ. ಅದಕ್ಕೇ ಹೆವಿ ಮತ್ತು ಲೈಟ್ ಚೈನ್‌ಗಳ ವೇರಿಯಬಲ್ ಭಾಗದ, ಅಂದರೆ ಗುರಿಗೆ ಅಂಟುವ ಭಾಗದ, ಜೀನ್‌ಗಳನ್ನು ಈಗಲೇ ತೆಗೆದಿಡಬೇಕು ಅಂತ ಹೊರಟಿದ್ದೇವೆ.

ಮಾಡಿದ್ದು ಇಷ್ಟು. ಟ್ರೈಜಾಲ್‌ನಲ್ಲಿ ಆರ್‌ಎನ್‌ಎ ತೆಗೆದು, ಒಲಿಗೋ ಡಿಟಿ ಹಾಕಿ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ನಕಲು) ಮಾಡಿದೆವು. ವೇರಿಯಬಲ್ ಭಾಗದ ಶುರುವಿನ ತುಂಡಾದ ಫ್ರೇಮ್‌ವರ್ಕ್ 1ಕ್ಕೆ ಕೂರುವ ಡಿಜೆನರೇಟ್ ಪ್ರೈಮರ್‌ಗಳ (ಕೆಲವು ಜಾಗಗಳಲ್ಲಿ ಬೇರೆ ಬೇರೆ ಬೇಸ್ ಇರುವ ಪ್ರೈಮರ್‌ಗಳ) ಮಿಶ್ರಣದಿಂದ ಪಿಸಿಆರ್. ಎರಡೂ ಚೈನ್‌ಗೆ 350 ಬೇಸ್ ಪೇರ್ ಆಸುಪಾಸಿನಲ್ಲಿ ಚೆಂದದ ಬ್ಯಾಂಡ್ ಬಂತು. ಪಿಜೆಮ್-ಟಿ ವೆಕ್ಟರ್‌ಗೆ ಸೇರಿಸಿ ಕಾಲೊನಿಗಳನ್ನು ಸ್ಯಾಂಗರ್ ಸೀಕ್ವೆನ್ಸಿಂಗ್‌ಗೆ ಕಳಿಸಿದೆವು.

ಹೆವಿ ಚೈನ್ ಎಲ್ಲ ಕಾಲೊನಿಯಲ್ಲೂ ಒಂದೇ, ಓದಿನ ಚೌಕಟ್ಟೂ (ಬೇಸ್‌ಗಳನ್ನು ಮೂರು ಮೂರಾಗಿ ಓದುವ ಕ್ರಮ) ಸರಿಯಿದೆ. ಕಪ್ಪಾ ಚೈನ್ (ನಮ್ಮ ಲೈಟ್ ಚೈನ್‌ನ ಬಗೆ) ಕೂಡ ಎಲ್ಲ ಕಾಲೊನಿಯಲ್ಲೂ ಒಂದೇ. ಆದರೆ ಸಿಡಿಆರ್3 (ಗುರಿಗೆ ಅಂಟುವ ಮೂರನೇ ಕುಣಿಕೆ) ಮುಗಿದ ಮೇಲೆ ಚೌಕಟ್ಟು ತಪ್ಪಿ ಸ್ಟಾಪ್ ಕೋಡಾನ್, ಅಂದರೆ ಪ್ರೋಟೀನ್ ತಯಾರಿ ನಿಲ್ಲಿಸುವ ಸಂಕೇತ, ಬರುತ್ತದೆ. ಹೊಸದಾಗಿ ಆರ್‌ಎನ್‌ಎ ತೆಗೆದರೂ ಅದೇ. ಪಿಸಿಆರ್ ತಪ್ಪು ಅನ್ನೋಣ ಎಂದರೆ ಪ್ರತಿ ಸಲ ಒಂದೇ ಜಾಗದಲ್ಲಿ ಹೇಗೆ ಬರುತ್ತೆ? ಎಲೈಸಾದಲ್ಲಿ (ಅಂಟಿದ್ದನ್ನು ಬಣ್ಣದಿಂದ ತೋರಿಸುವ ಪರೀಕ್ಷೆ) ಕಲ್ಚರ್ ದ್ರವದ ಆ್ಯಂಟಿಬಾಡಿ ವಿಪಿ28ಕ್ಕೆ ಇನ್ನೂ ಅಂಟುತ್ತಿದೆ. ಅಂದರೆ ಸರಿಯಾದ ಲೈಟ್ ಚೈನ್ ಎಲ್ಲೋ ಇದೆ. ದಯವಿಟ್ಟು ದಾರಿ ತೋರಿಸಿ.

ಹಳೇ ಬೆಂಚು:
ಎರಡು ಪ್ರಶ್ನೆ. ಫ್ಯೂಷನ್‌ಗೆ ಬಳಸಿದ ಮೈಲೋಮಾ ಯಾವುದು? ನಿಮ್ಮ ಕಪ್ಪಾದ ಸಿಡಿಆರ್3 ಜಾಗದಲ್ಲಿ ಅಮೈನೋ ಆಮ್ಲಗಳ ಸಾಲು ಸಿ-ಕ್ಯೂ-ಎಚ್-ಐ-ಆರ್-ಇ-ಎಲ್-ಟಿ-ಆರ್ ಅಂತ ಓದುತ್ತದೆಯೇ?

ಕಡಲತೀರ:
ಹೌದು ಸರ್, ಅಕ್ಷರಶಃ ಅದೇ! ನಾನು ಅನುಕ್ರಮ ಹಾಕಿಯೇ ಇರಲಿಲ್ಲವಲ್ಲ. ಮೈಲೋಮಾ ಎಸ್‌ಪಿ2/0 ಅಂತ ಹಳೆಯ ನೋಟ್‌ಬುಕ್‌ನಲ್ಲಿದೆ.

ಹಳೇ ಬೆಂಚು:
ಹಾಗಿದ್ದರೆ ನಿಮ್ಮ ಕೈಗೆ ಸಿಕ್ಕಿರುವುದು ನಿಮ್ಮ ಆ್ಯಂಟಿಬಾಡಿಯ ಜೀನ್ ಅಲ್ಲ. ಅದು ಮೈಲೋಮಾ ತಂದ ಹಳೆಯ ಕಪ್ಪಾ. ಈ ಕೆಲಸ ಮಾಡುವ ಯಾರಿಗಾದರೂ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಮುಂದೆ ಹುಡುಕಿಕೊಂಡು ಬರುವವರಿಗೂ ಸಿಗಲಿ.

1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಹೈಬ್ರಿಡೋಮಾ ವಿಧಾನ ಪ್ರಕಟಿಸಿದರು. ಅವರು ಬಳಸಿದ ಮೈಲೋಮಾ ಬಂದದ್ದು ಎಂಒಪಿಸಿ-21 ಎಂಬ ಗಡ್ಡೆಯಿಂದ. ಬಾಲ್ಬ್-ಸಿ ಇಲಿಗೆ ಖನಿಜ ತೈಲ ಚುಚ್ಚಿ ಬೆಳೆಸಿದ ಪ್ಲಾಸ್ಮಾ ಕೋಶದ ಗಡ್ಡೆ ಅದು. ಎಸ್‌ಪಿ2/0, ಎಕ್ಸ್63-ಎಜಿ8.653, ಎನ್‌ಎಸ್-1, ಎನ್‌ಎಸ್0 ಎಲ್ಲವೂ ಆ ಒಂದೇ ವಂಶದವು. ಎಸ್‌ಪಿ2/0 ಅಂತೂ ಸ್ವತಃ ಒಂದು ಹೈಬ್ರಿಡೋಮಾ ಆಗಿತ್ತು. ತನ್ನ ಆ್ಯಂಟಿಬಾಡಿ ಮಾಡುವುದನ್ನು ನಿಲ್ಲಿಸಿದ ಮೇಲೆ ಅದನ್ನೇ ಫ್ಯೂಷನ್‌ಗೆ ಬಳಸತೊಡಗಿದರು.

ಈ ವಂಶದಲ್ಲಿ ಕೆಟ್ಟುಹೋದ ಒಂದು ಕಪ್ಪಾ ಜೀನ್ ಇದೆ. ವೇರಿಯಬಲ್ ಭಾಗದ ಜೀನ್ ಕಟ್ಟುವ ವಿ ಮತ್ತು ಜೆ ತುಂಡುಗಳು ಸೇರುವಾಗ ಬೇಸ್‌ಗಳು ಕಳೆದು ಓದಿನ ಚೌಕಟ್ಟು ತಪ್ಪಿದೆ. ಅದಕ್ಕೇ ನಿಮಗೆ ಸ್ಟಾಪ್ ಕೋಡಾನ್. ಇನ್ನೊಂದು ಗುರುತೂ ಇದೆ. 23ನೇ ಜಾಗದಲ್ಲಿ ಇರಲೇಬೇಕಾದ ಸಿಸ್ಟೀನ್ ಬದಲು ಟೈರೋಸಿನ್ ಕೂತಿರುತ್ತದೆ. ಐ-ಎಸ್-ವೈ-ಆರ್-ಎ-ಎಸ್-ಕೆ ಅಂತ ಓದುತ್ತದೆ, ನೋಡಿ. ಪ್ರೋಟೀನ್ ತಯಾರಾಗುವುದಿಲ್ಲ, ಆದರೆ ಆರ್‌ಎನ್‌ಎ ಧಾರಾಳವಾಗಿ ತಯಾರಾಗುತ್ತದೆ. ಎಷ್ಟೋ ಹೈಬ್ರಿಡೋಮಾಗಳಲ್ಲಿ ಅಸಲಿ ಕಪ್ಪಾಗಿಂತ ಇದರ ಆರ್‌ಎನ್‌ಎಯೇ ಜಾಸ್ತಿ ಇರುತ್ತದೆ. ನಿಮ್ಮ ಪ್ರೈಮರ್ ಮಿಶ್ರಣದಲ್ಲಿ ಅದಕ್ಕೆ ಚೆನ್ನಾಗಿ ಕೂರುವ ಒಂದು ಪ್ರೈಮರ್ ಇದ್ದರೆ ಸಾಕು, ಮೊದಲ ಸೈಕಲ್‌ನಿಂದಲೇ ಅದು ಮುಂದೆ ಓಡುತ್ತದೆ.

ಒಂದು ಎಚ್ಚರಿಕೆ. ಅದೇ ವಿ ಜೀನ್ ಕುಟುಂಬವನ್ನು ಬಳಸುವ ಅಸಲಿ ಆ್ಯಂಟಿಬಾಡಿಗಳೂ ಇವೆ. ಬರೀ ವಿ ಜೀನ್ ಹೆಸರು ನೋಡಿ ಕಸದ ಬುಟ್ಟಿಗೆ ಹಾಕಬೇಡಿ. ಸಿಸ್ಟೀನ್ 23 ಮತ್ತು ಚೌಕಟ್ಟು, ಎರಡನ್ನೂ ನೋಡಿ ತೀರ್ಮಾನ ಮಾಡಿ.

ಮಲೆನಾಡಿಗ:
ಇದಕ್ಕೆ 5 ಪ್ರೈಮ್ ರೇಸ್ ಮಾಡಿದರೆ ಮುಗಿಯಿತಲ್ಲ? ಡಿಜೆನರೇಟ್ ಪ್ರೈಮರ್‌ಗಳ ಸಹವಾಸವೇ ಬೇಡ ಅಂತ ನನ್ನ ಅಭಿಪ್ರಾಯ.

ಹಳೇ ಬೆಂಚು:
ರೇಸ್ ಒಳ್ಳೆಯದೇ, ನಾನೂ ಅದನ್ನೇ ಇಷ್ಟಪಡುತ್ತೇನೆ. ಆದರೆ ಈ ಕೆಟ್ಟ ಕಪ್ಪಾ ರೇಸ್‌ನಲ್ಲೂ ಬರುತ್ತದೆ. ಅದರ ಬಾಲದಲ್ಲೂ ಎಲ್ಲ ಕಪ್ಪಾಗಳಲ್ಲಿ ಒಂದೇ ಆಗಿರುವ ಕಾನ್‌ಸ್ಟಂಟ್ ಭಾಗ ಇದೆಯಲ್ಲ, ಹಾಗಾಗಿ ರಿವರ್ಸ್ ಪ್ರೈಮರ್ ಎರಡಕ್ಕೂ ಕೂರುತ್ತದೆ. ರೇಸ್‌ನ ಲಾಭ ಬೇರೆ. ಅಲ್ಲಿ ವಿ ಭಾಗಕ್ಕೆ ಪ್ರೈಮರ್ ಇಲ್ಲದ್ದರಿಂದ ಯಾರಿಗೂ ಪಕ್ಷಪಾತ ಇಲ್ಲ. ಕೋಶದಲ್ಲಿ ಯಾವ ಪ್ರಮಾಣದಲ್ಲಿದೆಯೋ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಸಿಗುತ್ತದೆ. ಹೆಚ್ಚು ಕಾಲೊನಿ ನೋಡಿದರೆ, ಅಥವಾ ಆ ಪಿಸಿಆರ್ ಉತ್ಪನ್ನವನ್ನೇ ಆಳವಾಗಿ ಸೀಕ್ವೆನ್ಸ್ ಮಾಡಿಸಿದರೆ, ಅಸಲಿ ಚೈನ್ ಕಾಣಲೇಬೇಕು.

ಪುಟ್ಟ ಪಿಪೆಟ್:
ರೇಸ್ ಹೆಸರು ಕೇಳಿದ್ದೇನೆ, ಮಾಡಿಲ್ಲ. ಒಂದು ತುದಿಗೆ ಪ್ರೈಮರ್ ಇಲ್ಲದೆ ಪಿಸಿಆರ್ ಹೇಗೆ ಆಗುತ್ತದೆ?

ಮಲೆನಾಡಿಗ:
ಆ ತುದಿಯನ್ನು ನಾವೇ ಕಟ್ಟಿಕೊಳ್ಳುತ್ತೇವೆ. ಎಂಎಂಎಲ್‌ವಿ ಜಾತಿಯ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಆರ್‌ಎನ್‌ಎ ತುದಿ ಮುಟ್ಟಿದ ಮೇಲೆ ಸುಮ್ನೆ ನಿಲ್ಲುವುದಿಲ್ಲ. ಅಚ್ಚು ಇಲ್ಲದಿದ್ದರೂ ಕೆಲವು ಸಿ ಬೇಸ್‌ಗಳನ್ನು ಸೇರಿಸುತ್ತದೆ. ನಾವು ಕೊನೆಯಲ್ಲಿ ಮೂರು ಜಿ ಇರುವ ಒಂದು ಚಿಕ್ಕ ಒಲಿಗೋ ಹಾಕಿರುತ್ತೇವೆ. ಜಿ ಹೋಗಿ ಸಿ ಮೇಲೆ ಕೂರುತ್ತದೆ, ಕಿಣ್ವ ಅಚ್ಚು ಬದಲಿಸಿ ಆ ಒಲಿಗೋವನ್ನೂ ನಕಲು ಮಾಡುತ್ತದೆ. ಈಗ ಎಲ್ಲ ಸಿಡಿಎನ್‌ಎಗಳ ತುದಿಯಲ್ಲೂ ನಮಗೆ ಗೊತ್ತಿರುವ ಅನುಕ್ರಮ ಬಂತು. ಒಂದು ಪ್ರೈಮರ್ ಅಲ್ಲಿಗೆ, ಇನ್ನೊಂದು ಕಾನ್‌ಸ್ಟಂಟ್ ಭಾಗಕ್ಕೆ. ಲೀಡರ್ (ವಿ ಭಾಗಕ್ಕೆ ಮುಂಚೆ ಬರುವ ತುಂಡು) ಸಮೇತ ಪೂರ್ತಿ ವಿ ಭಾಗ ಸಿಗುತ್ತದೆ.

ಇದರಿಂದ ಇನ್ನೊಂದು ದೊಡ್ಡ ಉಪಕಾರ. ಫ್ರೇಮ್‌ವರ್ಕ್ 1ರ ಪ್ರೈಮರ್ ಬಳಸಿದಾಗ ಜೀನ್‌ನ ಮೊದಲ 20 ಚಿಲ್ಲರೆ ಬೇಸ್‌ಗಳು ನಿಮ್ಮ ಆ್ಯಂಟಿಬಾಡಿಯವಲ್ಲ, ಪ್ರೈಮರ್‌ನವು. ಎಂದರೆ ಮೊದಲ ಏಳೆಂಟು ಅಮೈನೋ ಆಮ್ಲಗಳನ್ನು ನಂಬುವಂತಿಲ್ಲ. ಎಷ್ಟೋ ಸಲ ಅದರಿಂದ ತೊಂದರೆ ಆಗುವುದಿಲ್ಲ. ಆದರೆ ಕೆಲವು ಆ್ಯಂಟಿಬಾಡಿಗಳಲ್ಲಿ ಅಂಟುವ ಶಕ್ತಿಯೋ, ತಯಾರಾಗುವ ಪ್ರಮಾಣವೋ ಕುಸಿಯುತ್ತದೆ. ಹಾಗಾಗಿ ಕಡಲತೀರ ಅವರೇ, ನಿಮ್ಮ ಹೆವಿ ಚೈನ್ ಸರಿಯಿದೆ ಎಂದು ಬಿಟ್ಟುಬಿಡಬೇಡಿ. ಅದರ ಶುರುವಿನ ಭಾಗ ಇನ್ನೂ ಗೊತ್ತಾಗಿಲ್ಲ. ರೇಸ್ ಬೇಡ ಅನಿಸಿದರೆ ಕನಿಷ್ಠ ಲೀಡರ್‌ಗೆ ಕೂರುವ ಪ್ರೈಮರ್ ಸೆಟ್ ಬಳಸಿ. ಲೀಡರ್ ಹೇಗೂ ಕತ್ತರಿಸಿ ಹೋಗುವ ಭಾಗ, ಅಲ್ಲಿ ಪ್ರೈಮರ್ ಏನು ಬದಲಿಸಿದರೂ ಆ್ಯಂಟಿಬಾಡಿಗೆ ತಟ್ಟುವುದಿಲ್ಲ.

ಕಡಲತೀರ:
ಇದು ನನ್ನ ತಲೆಗೇ ಬಂದಿರಲಿಲ್ಲ. ತುಂಬಾ ಥ್ಯಾಂಕ್ಸ್. ರೇಸ್ ಕಿಟ್ ಬರಲು ಸಮಯ ಬೇಕು. ಅಷ್ಟರಲ್ಲಿ ಇರುವ ಪ್ರೈಮರ್‌ಗಳಲ್ಲೇ ಕಪ್ಪಾಗೆ ಏನಾದರೂ ಮಾಡಬಹುದೇ?

ಹಳೇ ಬೆಂಚು:
ಖಂಡಿತ. ಮೊದಲಿಗೆ ಮಿಶ್ರಣ ಬಿಡಿ. ಒಂದೊಂದು ಫಾರ್ವರ್ಡ್ ಪ್ರೈಮರ್‌ಗೆ ಒಂದೊಂದು ಟ್ಯೂಬ್. ಕೆಟ್ಟ ಕಪ್ಪಾ ಕೆಲವು ಟ್ಯೂಬ್‌ಗಳಲ್ಲಿ ಮಾತ್ರ ಬರುತ್ತದೆ. ಉಳಿದ ಟ್ಯೂಬ್‌ನಲ್ಲಿ ಬ್ಯಾಂಡ್ ತೆಳುವಾಗಿದ್ದರೂ ಅದನ್ನೇ ಕ್ಲೋನ್ ಮಾಡಿ.

ಎರಡನೆಯದು, ಕಿಣ್ವದಿಂದ ಕತ್ತರಿಸುವುದು. ಕೆಟ್ಟ ಕಪ್ಪಾದ ಪೂರ್ತಿ ಅನುಕ್ರಮ ಈಗ ನಿಮ್ಮ ಕೈಯಲ್ಲೇ ಇದೆ. ಅದರೊಳಗೆ, ಅದರಲ್ಲೂ ಸಿಡಿಆರ್3 ಹತ್ತಿರ ಕತ್ತರಿಸುವ, ಬೇರೆ ಕಪ್ಪಾಗಳಲ್ಲಿ ಅಪರೂಪವಾದ ಒಂದು ರಿಸ್ಟ್ರಿಕ್ಷನ್ ಕಿಣ್ವ ಹುಡುಕಿ. ಪಿಸಿಆರ್ ಉತ್ಪನ್ನವನ್ನು ಅದರಿಂದ ಕತ್ತರಿಸಿ ಜೆಲ್‌ನಲ್ಲಿ ಓಡಿಸಿ. ಕತ್ತರಿಸದೆ ಉಳಿದ ಬ್ಯಾಂಡ್ ತೆಗೆದು ಲೈಗೇಷನ್‌ಗೆ ಹಾಕಿ. ಏನೂ ಉಳಿಯದಿದ್ದರೆ ಇನ್ನೊಂದು ಕಿಣ್ವ ನೋಡಿ, ನಿಮ್ಮ ಅಸಲಿ ಜೀನ್‌ನಲ್ಲೂ ಅದೇ ಜಾಗ ಇರಬಹುದು.

ಸಿಡಿಎನ್‌ಎಗಿಂತ ಮೊದಲೇ ಆ ಆರ್‌ಎನ್‌ಎಯನ್ನು ನಾಶ ಮಾಡುವ ವಿಧಾನವೂ ಇದೆ. ಅದರ ಸಿಡಿಆರ್3ಕ್ಕೆ ಹೊಂದುವ ಡಿಎನ್‌ಎ ಒಲಿಗೋ ಕೂರಿಸಿ ಡಿಎನ್‌ಎ ಕೂತ ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ನೇಸ್ ಎಚ್ ಕಿಣ್ವ ಹಾಕುವುದು. ಕೆಲಸ ಮಾಡುತ್ತದೆ. ಆದರೆ ಮೊದಲ ಎರಡು ಸುಲಭ.

ಕಲ್ಚರ್ ಕೋಣೆ:
ನೀವೆಲ್ಲ ಜೀನ್ ಬಗ್ಗೆ ಮಾತಾಡುತ್ತಿದ್ದೀರಿ, ನಾನು ಕೋಶಗಳ ಪರವಾಗಿ ಮಾತಾಡುತ್ತೇನೆ. ಕಡಲತೀರ ಅವರೇ, ಇವತ್ತೇ ಫ್ಲಾಸ್ಕ್‌ನಲ್ಲಿರುವುದರಲ್ಲಿ ಸ್ವಲ್ಪವನ್ನು ಟ್ರೈಜಾಲ್‌ಗೆ ಹಾಕಿ ಮೈನಸ್ 80ರಲ್ಲಿ ಇಡಿ. ಕೆಲವು ಟ್ಯೂಬ್ ಇರಲಿ, ಬೇರೆ ಬೇರೆ ಫ್ರೀಜರ್‌ನಲ್ಲಿ. ಕೋಶ ಸತ್ತರೂ ಆರ್‌ಎನ್‌ಎ ಉಳಿಯುತ್ತದೆ. ಒಂದು ಟ್ಯೂಬ್‌ಗೆ 10ರಿಂದ 50 ಲಕ್ಷ ಕೋಶ ಇದ್ದರೆ ಧಾರಾಳ. ಕೋಶಗಳು ಚುರುಕಾಗಿ ಬೆಳೆಯುವ ಹಂತದಲ್ಲಿರಬೇಕು. ಮೀಡಿಯಾ ಹಳದಿಯಾಗಿ ಅರ್ಧ ಸತ್ತ ಫ್ಲಾಸ್ಕ್‌ನಿಂದ ತೆಗೆಯಬೇಡಿ.

ಆಮೇಲೆ ಮೈಕೋಪ್ಲಾಸ್ಮಾ (ಕಲ್ಚರ್‌ಗೆ ಸೇರಿಕೊಳ್ಳುವ ಪುಟ್ಟ ಬ್ಯಾಕ್ಟೀರಿಯಾ) ಪರೀಕ್ಷೆ. ಹಳೆಯ ಹೈಬ್ರಿಡೋಮಾ ನಿಧಾನವಾಗಿ ಬೆಳೆಯುತ್ತಿದೆ ಎಂದರೆ ನನಗೆ ಮೊದಲ ಅನುಮಾನ ಅದರ ಮೇಲೆ.

ಮೂರನೆಯದು ಮರುಕ್ಲೋನಿಂಗ್. ಹೈಬ್ರಿಡೋಮಾ ಎರಡು ಕೋಶ ಸೇರಿ ಆದದ್ದು, ಕ್ರೋಮೋಸೋಮ್ ಸಂಖ್ಯೆ ಸ್ಥಿರ ಇರುವುದಿಲ್ಲ. ವಿಭಜನೆ ಆಗುತ್ತಾ ಕ್ರೋಮೋಸೋಮ್ ಬಿಟ್ಟುಬಿಡುತ್ತದೆ. ಆ್ಯಂಟಿಬಾಡಿ ಮಾಡುವ ಹೊರೆ ಇಲ್ಲದ ಕೋಶಗಳು ಬೇಗ ಬೆಳೆದು ಫ್ಲಾಸ್ಕ್ ತುಂಬಿಕೊಳ್ಳುತ್ತವೆ. ಆಗ ನಿಮ್ಮ ಆರ್‌ಎನ್‌ಎಯಲ್ಲಿ ಅಸಲಿ ಜೀನ್ ಇನ್ನೂ ಕಡಿಮೆಯಾಗುತ್ತದೆ. ಲಿಮಿಟಿಂಗ್ ಡೈಲ್ಯೂಷನ್ ಮಾಡಿ (ಬಾವಿಗೆ ಒಂದೇ ಕೋಶ ಬೀಳುವಷ್ಟು ತೆಳು ಮಾಡಿ), ಎಲೈಸಾದಲ್ಲಿ ಗಟ್ಟಿಯಾಗಿ ಬಣ್ಣ ಬರುವ ಬಾವಿ ಆರಿಸಿ, ಅದರಿಂದ ಆರ್‌ಎನ್‌ಎ ತೆಗೆಯಿರಿ. ಯಾವ ಫ್ಲಾಸ್ಕ್‌ನಿಂದ ಆರ್‌ಎನ್‌ಎ ತೆಗೆಯುತ್ತೀರೋ ಅದೇ ಫ್ಲಾಸ್ಕ್‌ನ ದ್ರವವನ್ನು ಅದೇ ದಿನ ಎಲೈಸಾ ಮಾಡಬೇಕು. ಇದನ್ನು ನಾನು ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ.

ಪುಟ್ಟ ಪಿಪೆಟ್:
ತಪ್ಪು ತಿಳಿಯಬೇಡಿ, ನಾನು ಎಂಎಸ್ಸಿ ಮೊದಲ ವರ್ಷ. ಆ್ಯಂಟಿಬಾಡಿಗೆ ಇಷ್ಟೆಲ್ಲ ಮಾಡುವ ಬದಲು ಹೊಸ ಇಲಿಗೆ ಚುಚ್ಚುಮದ್ದು ಕೊಟ್ಟು ಹೊಸ ಹೈಬ್ರಿಡೋಮಾ ಮಾಡಿದರೆ ಆಗಲ್ವಾ?

ಪ್ರೋಟೀನ್‌ಪ್ರಿಯ:
ಆಗುತ್ತದೆ, ಆದರೆ ಅದು ಬೇರೆ ಆ್ಯಂಟಿಬಾಡಿ ಆಗಿರುತ್ತದೆ. ಇಲಿಯ ಬಿ ಕೋಶದಲ್ಲಿ ವಿ, ಡಿ, ಜೆ ತುಂಡುಗಳು ಸೇರುವುದು, ಆಮೇಲೆ ರೂಪಾಂತರಗಳು ಸೇರಿಕೊಳ್ಳುವುದು, ಎಲ್ಲವೂ ಆ ಒಂದು ಕೋಶದಲ್ಲಿ ಒಮ್ಮೆ ನಡೆದ ಘಟನೆ. ಅದೇ ಜೋಡಿ ಇನ್ನೊಂದು ಇಲಿಯಲ್ಲಿ ಮತ್ತೆ ಸಿಗುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಹತ್ತು ವರ್ಷದ ಪ್ರಯೋಗಗಳು ಆ ಒಂದು ಆ್ಯಂಟಿಬಾಡಿ ಮೇಲೆ ನಿಂತಿದ್ದರೆ ಅದನ್ನು ಕಳೆದುಕೊಳ್ಳುವುದು ಸಣ್ಣ ಮಾತಲ್ಲ. ಜೊತೆಗೆ ಪ್ರಾಣಿಗಳ ಬಳಕೆಯೂ ಕಡಿಮೆಯಾಗುತ್ತದೆ.

ಅನುಕ್ರಮ ಕೈಯಲ್ಲಿದ್ದರೆ ಬೇರೆ ಬಾಗಿಲುಗಳೂ ತೆರೆಯುತ್ತವೆ. ಕ್ಯಾನ್ಸರ್‌ಗೆ ಕೊಡುವ ನಿಮೊಟುಝುಮ್ಯಾಬ್ ಗೊತ್ತಲ್ಲ? ಬೆಂಗಳೂರಿನ ಬಯೋಕಾನ್ 2006ರಲ್ಲಿ ಭಾರತಕ್ಕೆ ತಂದದ್ದು. ಅದರ ಮೂಲ ಹವಾನಾದ ಮಾಲಿಕ್ಯುಲರ್ ಇಮ್ಯುನಾಲಜಿ ಕೇಂದ್ರದ ಒಂದು ಇಲಿ ಆ್ಯಂಟಿಬಾಡಿ. ಹೈಬ್ರಿಡೋಮಾದ ವಿ ಜೀನ್ ತೆಗೆದು, ಅಂಟುವ ಕುಣಿಕೆಗಳನ್ನು ಮನುಷ್ಯರ ಆ್ಯಂಟಿಬಾಡಿ ಚೌಕಟ್ಟಿಗೆ ಕೂರಿಸಿದರು. ಸೋರಿಯಾಸಿಸ್‌ಗೆ 2013ರಲ್ಲಿ ಬಂದ ಇಟೊಲಿಝುಮ್ಯಾಬ್ ಕೂಡ ಅದೇ ಕೇಂದ್ರದ ಇಲಿ ಆ್ಯಂಟಿಬಾಡಿಯಿಂದ ಬಂದದ್ದು. ಜೀನ್ ಅನುಕ್ರಮ ಇಲ್ಲದೆ ಇವು ಯಾವುವೂ ಇಲ್ಲ. ನಮ್ಮ ಊರಿನಲ್ಲೇ ಇಂಥ ಔಷಧ ತಯಾರಾಗುತ್ತದೆ ಎನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಹೈಡೆಲ್‌ಬರ್ಗ್ ಕನ್ನಡಿಗ:
ನನ್ನದೊಂದು ಭಿನ್ನ ಅಭಿಪ್ರಾಯ. ಕೋಶ ಇಷ್ಟು ದುರ್ಬಲವಾಗಿದ್ದರೆ ಶುದ್ಧ ಮಾಡಿದ ಆ್ಯಂಟಿಬಾಡಿಯನ್ನೇ ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಓದಿಸಿ. ಅಲ್ಲಿ ಕಾಣುವುದು ನಿಜವಾಗಿ ತಯಾರಾದ ಪ್ರೋಟೀನ್ ಮಾತ್ರ. ಕೆಟ್ಟ ಕಪ್ಪಾದ ಗೋಜೇ ಇಲ್ಲ.

ಹಳೇ ಬೆಂಚು:
ಕೋಶ ಪೂರ್ತಿ ಹೋಗಿದ್ದರೆ ಅದೊಂದೇ ದಾರಿ, ಒಪ್ಪುತ್ತೇನೆ. ಆದರೆ ಕೋಶ ಇರುವಾಗ ಪ್ರೋಟೀನ್ ಓದುವುದನ್ನು ಮೊದಲ ಆಯ್ಕೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಲ್ಯೂಸಿನ್ ಮತ್ತು ಐಸೋಲ್ಯೂಸಿನ್ ತೂಕ ಒಂದೇ. ಸಾಮಾನ್ಯ ವಿಧಾನದಲ್ಲಿ ಅವೆರಡನ್ನು ಬಿಡಿಸಲು ಆಗುವುದಿಲ್ಲ. ಸಿಡಿಆರ್ ಒಳಗೆ ಅಂಥ ಒಂದು ಜಾಗ ಬಂದರೆ ಊಹೆ ಮಾಡಬೇಕಾಗುತ್ತದೆ. ಖರ್ಚೂ ಜಾಸ್ತಿ.

ಆದರೆ ತಾಳೆ ನೋಡಲು ಮಾಸ್ ಸ್ಪೆಕ್ ಅದ್ಭುತ. ಆ್ಯಂಟಿಬಾಡಿಯ ಡೈಸಲ್ಫೈಡ್ ಬಿಡಿಸಿ ಲೈಟ್ ಚೈನ್‌ನ ಇಡೀ ತೂಕ ಅಳೆಯಿಸಿ. ನಿಮ್ಮ ಅನುಕ್ರಮದಿಂದ ಲೆಕ್ಕ ಹಾಕಿದ ತೂಕಕ್ಕೆ ಅದು ಹೊಂದಬೇಕು. ಹೆವಿ ಚೈನ್‌ಗೆ ಮೊದಲು ಸಕ್ಕರೆ ಸರಪಳಿ ತೆಗೆಯಬೇಕು, ಕೊನೆಯ ಲೈಸಿನ್ ಉದುರಿರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಲ್ಚರ್ ಕೋಣೆ:
ಮಾಸ್ ಸ್ಪೆಕ್‌ಗೆ ಕೊಡುವ ಆ್ಯಂಟಿಬಾಡಿಯನ್ನು ಸಾಮಾನ್ಯ ಸೀರಂ ಇರುವ ಮೀಡಿಯಾದಿಂದ ಶುದ್ಧ ಮಾಡಬೇಡಿ. ಕರುವಿನ ಸೀರಂನ ಐಜಿಜಿ (ಕರುವಿನದೇ ಆ್ಯಂಟಿಬಾಡಿ) ಕೂಡ ಶುದ್ಧ ಮಾಡಲು ಬಳಸುವ ಪ್ರೋಟೀನ್ ಜಿಗೆ ಅಂಟಿಕೊಂಡು ಬರುತ್ತದೆ. ಐಜಿಜಿ ಕಡಿಮೆ ಮಾಡಿದ ಸೀರಂ ಸಿಗುತ್ತದೆ, ಅದನ್ನು ಬಳಸಿ.

ಪ್ರೋಟೀನ್‌ಪ್ರಿಯ:
ಇನ್ನೊಂದು ವಿಷಯ ಯಾರೂ ಎತ್ತಿಲ್ಲ. ಚೌಕಟ್ಟು ಸರಿಯಿರುವ ಒಂದು ಕಪ್ಪಾ ಸಿಕ್ಕಿತು ಅಂದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. 2018ರಲ್ಲಿ ಬೇರೆ ಬೇರೆ ಲ್ಯಾಬ್‌ಗಳ 185 ಹೈಬ್ರಿಡೋಮಾಗಳನ್ನು ಸೀಕ್ವೆನ್ಸ್ ಮಾಡಿದ ಒಂದು ಅಧ್ಯಯನ ಬಂತು. ಅವುಗಳಲ್ಲಿ 59ರಲ್ಲಿ, ಅಂದರೆ ಶೇ 31.9ರಲ್ಲಿ, ಒಂದಕ್ಕಿಂತ ಹೆಚ್ಚು ಸರಿಯಾದ ಹೆವಿ ಅಥವಾ ಲೈಟ್ ಚೈನ್ ಇತ್ತು. ಮಾನೋಕ್ಲೋನಲ್ ಎಂದು ನಂಬಿದ ಮೂರರಲ್ಲಿ ಸುಮಾರು ಒಂದು ಹೀಗೆ! ಇದನ್ನು ಓದಿದ ಮೇಲೆ ನಾನು ಯಾವ ಹೈಬ್ರಿಡೋಮಾವನ್ನೂ ಒಂದೇ ಜೋಡಿ ಎಂದು ಮೊದಲೇ ಒಪ್ಪಿಕೊಳ್ಳುವುದಿಲ್ಲ.

ಎನ್‌ಎಸ್-1 ಬಳಸಿದವರು ಇನ್ನೂ ಹುಷಾರಾಗಿರಬೇಕು. ಆ ಮೈಲೋಮಾ ಎಂಒಪಿಸಿ-21ರ ಸರಿಯಾದ ಕಪ್ಪಾ ಪ್ರೋಟೀನನ್ನೂ ಕೋಶದೊಳಗೆ ತಯಾರಿಸುತ್ತದೆ. ಫ್ಯೂಷನ್ ಆದ ಮೇಲೆ ಅದು ಹೊಸ ಹೆವಿ ಚೈನ್ ಜೊತೆ ಸೇರಿ ಹೊರಗೂ ಬರಬಹುದು. ಅದರಲ್ಲಿ ಸ್ಟಾಪ್ ಕೋಡಾನ್ ಇಲ್ಲ, ಸಿಸ್ಟೀನ್ ಕೂಡ ಸರಿ. ನೋಡಲು ಪಕ್ಕಾ ಅಸಲಿಯಂತೆ ಇರುತ್ತದೆ. ಎಸ್‌ಪಿ2/0 ಬಳಸಿದವರಿಗೆ ಈ ಎರಡನೇ ಕಾಟ ಇಲ್ಲ.

ಹಾಗಾಗಿ ಕೊನೆಯ ತೀರ್ಪು ಪ್ರೋಟೀನ್‌ನದ್ದೇ. ಸಿಕ್ಕ ಪ್ರತಿ ಹೆವಿ ಮತ್ತು ಪ್ರತಿ ಲೈಟ್ ಚೈನನ್ನು ಜೋಡಿ ಮಾಡಿ, ಎಚ್‌ಇಕೆ293 ಎಂಬ ಮನುಷ್ಯ ಮೂಲದ ಕೋಶದಲ್ಲಿ ತಯಾರಿಸಿ, ವೈರಸ್ ಪ್ರೋಟೀನ್‌ಗೆ ಅಂಟುತ್ತದೆಯೇ ನೋಡಿ. ಅಂಟಿದ್ದು ನಿಮ್ಮ ಆ್ಯಂಟಿಬಾಡಿ. ಅಲ್ಲಿಯವರೆಗೆ ಅನುಕ್ರಮ ಎಷ್ಟು ಚೆಂದ ಇದ್ದರೂ ಅದನ್ನು ಅಭ್ಯರ್ಥಿ ಎಂದಷ್ಟೇ ಕರೆಯಿರಿ.

ಮಲೆನಾಡಿಗ:
ನೂರಕ್ಕೆ ನೂರು ಒಪ್ಪಿದೆ. ಲೈಟ್ ಚೈನ್ ಇನ್ನೊಂದು ಬಗೆಯಾದ ಲ್ಯಾಂಬ್ಡಾ ಅಲ್ಲ ಎಂದೂ ಖಚಿತ ಮಾಡಿಕೊಳ್ಳಿ. ಇಲಿಯಲ್ಲಿ ಶೇ 95ರಷ್ಟು ಕಪ್ಪಾನೇ, ಆದರೂ ಐಸೋಟೈಪ್ (ಆ್ಯಂಟಿಬಾಡಿಯ ಬಗೆ) ತೋರಿಸುವ ಪಟ್ಟಿ ಪರೀಕ್ಷೆ ಕೆಲವೇ ನಿಮಿಷದ ಕೆಲಸ.

ಕಡಲತೀರ:
ಎಲ್ಲರಿಗೂ ನಮಸ್ಕಾರ, ಇಷ್ಟು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕ್ಷಮಿಸಿ, ಫಲಿತಾಂಶ ಬರಲಿ ಎಂದು ಕಾಯುತ್ತಿದ್ದೆ.

ಪಟ್ಟಿ ಪರೀಕ್ಷೆಯಲ್ಲಿ ಐಜಿಜಿ1, ಕಪ್ಪಾ ಬಂತು. ಮೈಕೋಪ್ಲಾಸ್ಮಾ ಇಲ್ಲ. ಮರುಕ್ಲೋನ್ ಮಾಡಿದೆವು, ಚೆನ್ನಾಗಿ ಬೆಳೆಯುವ, ಎಲೈಸಾದಲ್ಲಿ ಗಟ್ಟಿ ಇರುವ ಉಪಕ್ಲೋನ್ ಸಿಕ್ಕಿತು. ಪ್ರೈಮರ್‌ಗಳನ್ನು ಬೇರೆ ಬೇರೆ ಟ್ಯೂಬ್‌ಗೆ ಹಾಕಿದಾಗ ಒಂದರಲ್ಲಿ ತೆಳು ಬ್ಯಾಂಡ್. ಅದರೊಳಗೆ ಚೌಕಟ್ಟು ಸರಿಯಿರುವ, ಸಿಸ್ಟೀನ್ 23 ಇರುವ ಹೊಸ ಕಪ್ಪಾ! ರೇಸ್ ಮಾಡಿ ಆಳವಾಗಿ ಸೀಕ್ವೆನ್ಸ್ ಮಾಡಿಸಿದಾಗ ಇನ್ನೊಂದು ಸರಿಯಾದ ಕಪ್ಪಾ ಕೂಡ ಕಂಡಿತು. ಪ್ರೋಟೀನ್‌ಪ್ರಿಯ ಅವರು ಹೇಳಿದ ಹಾಗೆಯೇ. ಹೆವಿ ಚೈನ್ ಒಂದೇ. ಆದರೆ ಮಲೆನಾಡಿಗ ಅವರು ಎಚ್ಚರಿಸಿದಂತೆ ಅದರ ಶುರುವಿನಲ್ಲಿ ಎರಡು ಅಮೈನೋ ಆಮ್ಲ ಪ್ರೈಮರ್‌ನಿಂದ ಬದಲಾಗಿದ್ದವು. ರೇಸ್ ಅನುಕ್ರಮವನ್ನೇ ಹಿಡಿದು ಜೀನ್ ಸಂಶ್ಲೇಷಣೆ ಮಾಡಿಸಿದೆವು.

ಒಂದು ಹೆವಿಗೆ ಎರಡು ಲೈಟ್, ಹೀಗೆ ಎರಡು ಜೋಡಿ. ಎರಡೂ ಎಚ್‌ಇಕೆ293ರಲ್ಲಿ ಚೆನ್ನಾಗಿ ತಯಾರಾದವು. ಒಂದು ಜೋಡಿ ವಿಪಿ28ಕ್ಕೆ ಮೂಲ ಆ್ಯಂಟಿಬಾಡಿಯಷ್ಟೇ ಗಟ್ಟಿಯಾಗಿ ಅಂಟುತ್ತದೆ. ಇನ್ನೊಂದು ಅಂಟುವುದೇ ಇಲ್ಲ. ಅಂಟುವ ಕಪ್ಪಾದ ತೂಕ ಮಾಸ್ ಸ್ಪೆಕ್‌ನ ದೊಡ್ಡ ಶಿಖರಕ್ಕೆ ಹೊಂದಿದೆ. ಅಂಟದ ಕಪ್ಪಾಗೂ ಒಂದು ಸಣ್ಣ ಶಿಖರ ಇದೆ. ಅಂದರೆ ಇಷ್ಟು ವರ್ಷ ನಾವು ಬಳಸಿದ ಆ್ಯಂಟಿಬಾಡಿಯಲ್ಲಿ ಒಂದು ಪಾಲು ಕೆಲಸಕ್ಕೆ ಬಾರದ್ದಾಗಿತ್ತು. ಈಗಿನದು ಅದಕ್ಕಿಂತ ಶುದ್ಧ. ನಿಮ್ಮೆಲ್ಲರ ಉಪಕಾರ ಮರೆಯುವುದಿಲ್ಲ.

ಹಳೇ ಬೆಂಚು:
ಓದಿ ಬಹಳ ಸಂತೋಷವಾಯಿತು. ಮಂಗಳೂರಿನ ಮೀನುಗಾರಿಕೆ ಕಾಲೇಜಿನವರು ಇದೇ ವೈರಸ್‌ಗೆ ಮಾನೋಕ್ಲೋನಲ್ ಮಾಡಿ, ಸಿಗಡಿ ಕೆರೆಯ ಬಳಿಯೇ ಬಳಸುವಂಥ ಪರೀಕ್ಷೆಯವರೆಗೆ ಒಯ್ದಿದ್ದರು. ಇಂಥ ಆ್ಯಂಟಿಬಾಡಿಗಳು ಸಿಗಡಿ ಸಾಕುವವರಿಗೆ ನೇರವಾಗಿ ಉಪಯೋಗಕ್ಕೆ ಬರುವಂಥವು. ದಯವಿಟ್ಟು ಅನುಕ್ರಮವನ್ನು ಪ್ರಬಂಧದ ಜೊತೆ ಪೂರ್ತಿಯಾಗಿ ಪ್ರಕಟಿಸಿ. ಪ್ಲಾಸ್ಮಿಡ್ ಅನ್ನು ಎರಡು ಕಡೆಯಾದರೂ ಇಡಿ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಅನುಮತಿ ಪತ್ರದಲ್ಲಿ ಈ ರಿಕಾಂಬಿನಂಟ್ ಕೆಲಸ ಸೇರಿದೆಯೇ ಎಂದೂ ನೋಡಿಕೊಳ್ಳಿ.

ಕಡಲತೀರ:
ಸೇರಿದೆ ಸರ್. ಅನುಕ್ರಮ ಖಂಡಿತ ಪ್ರಕಟಿಸುತ್ತೇವೆ, ಗೈಡ್ ಕೂಡ ಒಪ್ಪಿದ್ದಾರೆ. ಕೊನೆಯದಾಗಿ ಒಂದು ಸಂದೇಹ. ಕಾನ್‌ಸ್ಟಂಟ್ ಭಾಗ ಇಲಿಯ ಐಜಿಜಿ1ನ್ನೇ ಇಟ್ಟಿದ್ದೇವೆ. ಪ್ರೋಟೀನ್ ಎ ಕಾಲಂನಲ್ಲಿ ಅರ್ಧಕ್ಕರ್ಧ ಸೋರಿ ಹೋಗುತ್ತಿದೆ. ಮನುಷ್ಯರ ಐಜಿಜಿ1ಕ್ಕೆ ಬದಲಿಸುವುದು ಒಳ್ಳೆಯದೇ?

ಪ್ರೋಟೀನ್‌ಪ್ರಿಯ:
ಇಲಿಯ ಐಜಿಜಿ1 ಪ್ರೋಟೀನ್ ಎಗೆ ಸಾಮಾನ್ಯ ಬಫರ್‌ನಲ್ಲಿ ಸರಿಯಾಗಿ ಅಂಟುವುದಿಲ್ಲ. ಉಪ್ಪು ಮತ್ತು ಪಿಎಚ್ ಏರಿಸಿ ನೋಡಿ. 1.5 ಮೋಲಾರ್ ಗ್ಲೈಸಿನ್, 3 ಮೋಲಾರ್ ಸೋಡಿಯಂ ಕ್ಲೋರೈಡ್, ಪಿಎಚ್ 8.9. ಅಥವಾ ಪ್ರೋಟೀನ್ ಜಿ ಕಾಲಂ ಬಳಸಿ. ಮನುಷ್ಯರ ಐಜಿಜಿ1ಕ್ಕೆ ಬದಲಿಸಿದರೆ ಶುದ್ಧೀಕರಣ ಸುಲಭ, ಆದರೆ ಇಲಿಯ ಆ್ಯಂಟಿಬಾಡಿಯನ್ನು ಗುರುತಿಸುವ ಆ್ಯಂಟಿ ಮೌಸ್ ಸೆಕೆಂಡರಿ ಆ್ಯಂಟಿಬಾಡಿ ಕೆಲಸ ಮಾಡುವುದಿಲ್ಲ. ನಿಮ್ಮ ಡಾಟ್ ಬ್ಲಾಟ್ ಎಲ್ಲ ಆ್ಯಂಟಿ ಮೌಸ್ ಮೇಲೆ ಹೊಂದಿಸಿದ್ದರೆ ಇಲಿಯದ್ದೇ ಇರಲಿ. ಒಂದೇ ಮಾದರಿಯಲ್ಲಿ ಎರಡು ಇಲಿ ಆ್ಯಂಟಿಬಾಡಿಗಳನ್ನು ಒಟ್ಟಿಗೆ ನೋಡುವ ಯೋಚನೆ ಇದ್ದರೆ ಮಾತ್ರ ಐಜಿಜಿ2ಎ ಆವೃತ್ತಿ ಒಂದನ್ನೂ ಮಾಡಿಟ್ಟುಕೊಳ್ಳಿ. ಐಸೋಟೈಪ್‌ಗೆ ತಕ್ಕ ಬೇರೆ ಬೇರೆ ಸೆಕೆಂಡರಿ ಹಾಕಿ ಎರಡನ್ನೂ ಒಂದೇ ಸಲ ಗುರುತಿಸಬಹುದು. ವಿ ಭಾಗ ಕೈಯಲ್ಲಿರುವಾಗ ಅದು ಒಂದು ಲೈಗೇಷನ್ ಕೆಲಸ ಅಷ್ಟೇ.